ಪ್ರಸನ್ನಣ್ಣ ಕೂಡಿಹಾಕಿದ ಗಂಟಲುಗಳು

ಸಖರಾಯಪಟ್ಟಣದ ಕಾಯಿ ಮಂಡಿ ಪ್ರಸನ್ನಕುಮಾರ್ ಅವರ ಕಿವಿಯ ಸುದ್ದಿ ಕಡೂರಿನವರೆಗೂ ಹಬ್ಬಿದೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಸಾಕು, ಒಳಗಿನ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟಿದೆಯೋ, ಇನ್ನೂ ಹಸಿಯಿದೆಯೋ, ಕೊಳೆತಿದೆಯೋ ಹೇಳಿಬಿಡುತ್ತಾರೆ. ಒಡೆದು ನೋಡುವ ಮಾತೇ ಇಲ್ಲ. ಇಂಥ ಕಿವಿ ಕೊಟ್ಟ ಶಿವ ಗಂಟಲು ಕೊಡುವ ಹೊತ್ತಿಗೆ ಅದೇಕೆ ಕೈ ಬಿಗಿಹಿಡಿದನೋ ಕಾಣೆ.

ಅವರ ಮಂಡಿಗೂ ನನ್ನ ಹೊಲಿಗೆ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ಆದ್ದರಿಂದ ಪ್ರಸನ್ನಣ್ಣನ ಹಾಡುಗಾರಿಕೆಯ ಕಷ್ಟ ಏನೆಂದು ಊರಿನಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೆ ಹಾಡು ಕಟ್ಟುವುದರಲ್ಲಿ ಅವರನ್ನು ಬೈಯುವ ಹಾಗಿಲ್ಲ. ಕಾಯಿ, ಗಾಡಿ, ಮಳೆ, ಸೊಸೆ, ಬೀಗರು, ಯಾವುದರ ಮೇಲೆ ಬೇಕಾದರೂ ಪದ ಕಟ್ಟಿ ರಾಗ ಹಾಕುತ್ತಾರೆ. ಹಾಡುವವರೇ ಇಲ್ಲ. ಮಠದಲ್ಲಿ ಭಜನೆ ಮಾಡುವ ಹೆಂಗಸರಿಗೆ ಒಂದು ಪದ ಕೊಟ್ಟು ನೋಡಿದ್ದರು. "ಚೆನ್ನಾಗೈತೆ ಕಣಣ್ಣ, ಆದ್ರೆ ಹಾಡಿ ಮುಗ್ಸೋಷ್ಟೊತ್ಗೆ ಒಲೆ ಮೇಲಿನ್ ಅನ್ನ ಸೀದೋಗ್ತದೆ" ಎಂದು ಅವರು ವಾಪಸ್ಸು ಕೊಟ್ಟರು.

ಆಗ ಸಿಕ್ಕಿದ್ದು ಕಂಪ್ಯೂಟರಿನಲ್ಲಿ ಹಾಡಿಸುವ ಸಾಫ್ಟ್‌ವೇರ್. ರಾಗ ಕೊಟ್ಟು, ಅಕ್ಷರ ಕೊಟ್ಟರೆ ಕಂಪ್ಯೂಟರೇ ಹಾಡುತ್ತದೆ. ಆದರೆ ಹಾಡಲು ಅದಕ್ಕೊಂದು ಗಂಟಲು ಬೇಕು. ಅದಕ್ಕೆ ವಾಯ್ಸ್ ಬ್ಯಾಂಕ್ ಎನ್ನುತ್ತಾರೆ. ಎಲ್ಲೋ ಯಾರೋ ಕೂತು ಒಂದೊಂದೇ ಅಕ್ಷರವನ್ನು ಒಂದೇ ಶ್ರುತಿಯಲ್ಲಿ ಎಳೆದು ಹೇಳಿ ರೆಕಾರ್ಡ್ ಮಾಡಿಟ್ಟ ಗಂಟು ಅದು. ಇಂಟರ್ನೆಟ್ಟಿನಲ್ಲಿ ಇಂಥವು ಬೇಕಾದಷ್ಟು ಪುಕ್ಕಟೆ ಸಿಗುತ್ತವೆ. ಪುಕ್ಕಟೆ ಎಂದ ಮೇಲೆ ಕೇಳಬೇಕೆ? ಪ್ರಸನ್ನಣ್ಣ ಸಿಕ್ಕಸಿಕ್ಕ ಗಂಟಲನ್ನೆಲ್ಲ ಬಾಚಿಕೊಂಡರು. ಜಪಾನಿನ ಹುಡುಗಿ, ಕೊರಿಯಾದ ಹುಡುಗ, ಹೆಣ್ಣೋ ಗಂಡೋ ತಿಳಿಯದ ಇನ್ಯಾರೋ. ಮಧ್ಯಾಹ್ನ ವ್ಯಾಪಾರ ತಣ್ಣಗಾದರೆ ಗೋಡೆಯಾಚೆ ಒಬ್ಬೊಬ್ಬರೇ ಬಂದು ನಮ್ಮ ಸಖರಾಯಪಟ್ಟಣದ ಪದವನ್ನು ಹಲ್ಲುನೋವು ಬಂದವರ ಹಾಗೆ ಹಾಡಿ ಹೋಗುತ್ತಿದ್ದರು. ನಾನು ಮೆಷಿನ್ನು ಜೋರಾಗಿ ತುಳಿಯುತ್ತಿದ್ದೆ.

"ಎಷ್ಟಾದ್ವಣ್ಣ ಈಗ?" ಎಂದರೆ ಮುಖ ಅರಳಿಸಿ, "ನೂರು ದಾಟ್ತು ಕಣಮ್ಮ! ನಮ್ ಜಿಲ್ಲೇಲೇ ಯಾರ್ ಹತ್ರಾನೂ ಇಷ್ಟು ಗಂಟ್ಲಿಲ್ಲ" ಎನ್ನುತ್ತಿದ್ದರು. ಬೇರೆ ಯಾರ ಹತ್ತಿರವಾದರೂ ಒಂದಾದರೂ ಇದೆಯೇ ಎಂದು ನಾನು ಕೇಳಲಿಲ್ಲ. ಸಂತೋಷಪಡುವವರನ್ನು ತಡೆಯಬಾರದು.

ಅವರ ಹೆಂಡತಿ ಸಂಗೀತಕ್ಕ ಇದಕ್ಕೆಲ್ಲ ತಲೆ ಹಾಕಿದವರಲ್ಲ. ಹೆಸರು ಸಂಗೀತಾ ಆದರೂ ಒಂದು ದಿನ ಗುನುಗಿದ್ದು ನಾನು ಕೇಳಿಲ್ಲ. "ಹೆಸ್ರಿಟ್ಟಿದ್ದು ನಮ್ಮಪ್ಪ. ಹಾಡು ಕಲ್ಸೋದು ಮರ್ತ್ಬಿಟ್ರು" ಎಂದು ಅವರೇ ನಗುತ್ತಾರೆ. ಮಂಡಿಗೆ ಕಾಯಿ ಬಂದಾಗ ಎಣಿಸುವುದು ಮಾತ್ರ ಅವರೇ. ರೈತರಿಗೂ ಕೂಲಿಯವರಿಗೂ ಅವರ ಎಣಿಕೆಯ ಮೇಲೆಯೇ ನಂಬಿಕೆ. ನಮ್ಮ ಕಡೆ ಕಾಯಿ ಎಣಿಸಲಿ, ರಾಗಿ ಅಳೆಯಲಿ, ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಕಾಯಿ ಎಸೆಯುವವರು ಎಸೆಯುತ್ತಿದ್ದಂತೆ ಸಂಗೀತಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ, "ಲಾಭಾ… ಎರಡೂ… ಮೂರೂ…" ಎಂದು ಎಳೆದು ಹೇಳಲು ಶುರುಮಾಡಿದರೆ ಗಾಡಿ ಬರಿದಾಗುವವರೆಗೂ ನಿಲ್ಲಿಸುವುದಿಲ್ಲ.

ಹೋದ ವರ್ಷ ಅವರ ಮಗಳು ಕೃತಿಕಾಗೆ ತರೀಕೆರೆಯ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣುಮಗು. ನಾನೂ ಹೋಗಿದ್ದೆ. ಅಜ್ಜಂಪುರದಿಂದ ಬೀಗರು ಕಲ್ಲೇಶಪ್ಪನವರು ಬಂದರು. ಈರುಳ್ಳಿ ವ್ಯಾಪಾರದವರು, ನಗೆಮಾತಿನ ಮನುಷ್ಯ, ಬಂದವರೇ ಆಸ್ಪತ್ರೆಗೆಲ್ಲ ಪೇಡ ಹಂಚಿದರು. ಅವರ ಜೊತೆ ಅವರ ತಾಯಿ ಸಾವಿತ್ರಮ್ಮನೂ ಬಂದಿದ್ದರು. ಎಂಬತ್ತು ದಾಟಿದ ಜೀವ, ಆ ಮನೆಯಲ್ಲಿ ಅವರದೇ ಕಡೆಯ ಮಾತು. ಮಗುವಿನ ಬಟ್ಟೆ ಸರಿಸಿ ನೋಡಿ, "ಹೆಣ್ಣಾ? ಇರ್ಲಿ ಬಿಡು. ಮುಂದಿನ್ಸಲ ನೋಡನ" ಎಂದುಬಿಟ್ಟರು.

ಕೃತಿಕಾ ಗೋಡೆಯ ಕಡೆ ತಿರುಗಿ ಮಲಗಿದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಪ್ರಸನ್ನಣ್ಣ ಊರಿಗೆ ಬಂದವರೇ ಶಪಥ ಮಾಡಿದರು. "ಹೆಸ್ರಿಡೋ ದಿನ ನನ್ ಮೊಮ್ಮಗಳ ತೊಟ್ಲಿಗೆ ನೂರು ಜನ ಜೋಗುಳ ಹಾಡ್ಬೇಕು. ಅಜ್ಜಂಪುರದೋರು ಬಾಯ್ ಬಿಟ್ಕಂಡು ಕೇಳ್ಬೇಕು!" ಹದಿನೆಂಟು ನುಡಿಯ ಜೋಗುಳ ಕಟ್ಟಿದರು. ಕೂಡಿಹಾಕಿದ ಅಷ್ಟೂ ಗಂಟಲನ್ನು ಸಾಲಾಗಿ ನಿಲ್ಲಿಸಿ ಅದನ್ನು ಹಾಡಿಸಿದರು. ಬೀಗರಿಗೆ ಫೋನು ಮಾಡಿ ಜಂಬವನ್ನೂ ಕೊಚ್ಚಿಕೊಂಡರು.

ಬಾಣಂತಿ ಮಂಡಿಯ ಹಿಂದಿನ ತವರುಮನೆಗೆ ಬಂದ ಮೇಲೆ ಒಂದು ದಿನ ಅದನ್ನು ಜೋರಾಗಿ ಹಾಕಿದರು ನೋಡಿ. ಕಡೂರು ಬಸ್ ಸ್ಟ್ಯಾಂಡಿನಲ್ಲಿ ಎಲ್ಲ ಬಸ್ಸಿನ ಕಂಡಕ್ಟರುಗಳೂ ಒಂದೇ ಸಲ ಕೂಗಿದ ಹಾಗಿತ್ತು. ಮಗು ಕಿಟಾರನೆ ಕಿರುಚಿತು. ನಾನು ಕತ್ತರಿ ಕೆಳಗಿಟ್ಟು ಓಡಿಹೋದೆ. ಅಷ್ಟರಲ್ಲಿ ಕೃತಿಕಾ ಮಗುವನ್ನೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಅಪ್ಪಾಜಿ, ದಮ್ಮಯ್ಯ, ನಿಲ್ಸಿ. ನಂಗೆ ನೂರು ಜನ ಬೇಡ. ಇವ್ಳು ಹುಟ್ಟಿದ್ದು ಒಳ್ಳೇದಾಯ್ತು ಅನ್ನೋರು ಒಬ್ರು ಹಾಡಿದ್ರೆ ಸಾಕು."

ಪ್ರಸನ್ನಣ್ಣ ಪೆಚ್ಚಾಗಿ ಕೂತರು. ಸಂಗೀತಕ್ಕ ಒಳಗಿನಿಂದ ಬಂದು ಗಂಡನ ಮುಂದೆ ಕಾಫಿ ಇಟ್ಟು, "ಅಲ್ಲಾರೀ, ಮಂಡಿಗೆ ಚೀಲ ಬಂದ್ರೆ ಒಂದೊಂದೇ ಕಾಯಿ ಅಲ್ಲಾಡ್ಸಿ ನೋಡ್ತೀರಿ. ಇಲ್ನೋಡಿದ್ರೆ ಚೀಲಕ್ಕೆ ಚೀಲಾನೇ ಸುರ್ಕೊಂಡು ಕೂತಿದೀರಿ. ಇದ್ರಲ್ಲಿ ಎಷ್ಟು ಕೊಳ್ತಿದಾವೆ ಅಂತ ಒಂದಿನಾದ್ರೂ ನೋಡಿದ್ರಾ?" ಎಂದರು.

ಆ ಮಾತು ನಾಟಿತು. ಪ್ರಸನ್ನಣ್ಣ ಅವತ್ತೇ ಕಾಯಿ ಆರಿಸುವ ಹಾಗೆ ಗಂಟಲು ಆರಿಸಲು ಕೂತರು. ಪ್ರತಿಯೊಂದರಿಂದಲೂ ಹೇಳಿಸಿದ್ದು "ಜೋ" ಎಂಬ ಒಂದೇ ಒಂದು ಅಕ್ಷರ. ಕಣ್ಣು ಮುಚ್ಚಿ ಕೇಳುವುದು, ತಲೆ ಅಲ್ಲಾಡಿಸುವುದು, ಅಳಿಸಿಹಾಕುವುದು. ಒಂದಕ್ಕೆ ನೆಗಡಿ. ಒಂದು ತಗಡು ಕುಯ್ದ ಹಾಗೆ. ಇನ್ನೊಂದರ ಹಿಂದೆ ಫ್ಯಾನು ತಿರುಗುವ ಸದ್ದು. ಸಂಜೆಯ ಹೊತ್ತಿಗೆ ನೂರರಲ್ಲಿ ಉಳಿದದ್ದು ಬೆರಳೆಣಿಕೆ. ಅವು ಒಳ್ಳೆಯ ಗಂಟಲುಗಳೇ, ಯಾರೋ ಶ್ರದ್ಧೆಯಿಂದ ಮಾಡಿದ್ದು. "ಕಾಯಿ ಚೆನ್ನಾಗೇ ಐತೆ ಕಣಮ್ಮ, ಆದ್ರೆ ನಮ್ ತೋಟದ್ದಲ್ಲ" ಎಂದು ನಿಟ್ಟುಸಿರುಬಿಟ್ಟರು. ನೂರು ಜನ ಹಾಡುತ್ತಾರೆಂದು ಬೀಗರಿಗೆ ಹೇಳಿ ಆಗಿತ್ತು. ಈಗ ಹಾಡಲು ಒಬ್ಬರೂ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಹಿರೇನಲ್ಲೂರಿನಿಂದ ಕಾಯಿ ಗಾಡಿ ಬಂತು. ಪ್ರಸನ್ನಣ್ಣ ನನ್ನ ಅಂಗಡಿಯ ಮೆಟ್ಟಿಲ ಮೇಲೆ ತಲೆಗೆ ಕೈ ಹೊತ್ತು ಕೂತಿದ್ದರು. ಅಂಗಳದಲ್ಲಿ ಸಂಗೀತಕ್ಕ ಶುರುಮಾಡಿದರು, "ಲಾಭಾ… ಎರಡೂ… ಮೂರೂ…" ಪ್ರಸನ್ನಣ್ಣನ ಕತ್ತು ನಿಧಾನವಾಗಿ ಆ ಕಡೆ ತಿರುಗಿತು. ಕಾಯಿ ಅಲ್ಲಾಡಿಸುವಾಗ ಕಣ್ಣು ಕಿರಿದು ಮಾಡುತ್ತಾರಲ್ಲ, ಹಾಗೆ ಮಾಡಿದರು. ಗಾಡಿ ಅರ್ಧ ಇಳಿದರೂ ಆ ದನಿ ಕೂದಲೆಳೆಯಷ್ಟೂ ಏರಲಿಲ್ಲ, ಇಳಿಯಲಿಲ್ಲ. ಇಪ್ಪತ್ತೈದು ವರ್ಷ ಆ ದನಿಯ ಪಕ್ಕದಲ್ಲೇ ಬಾಳಿದ ಮನುಷ್ಯ! ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದದ್ದು ಅಂದರೆ ಇದೇ.

"ಸಂಗೀತಾ, ಸಿಕ್ಬಿಡ್ತು ಕಣೇ!" ಎಂದು ಎದ್ದು ಓಡಿದರು. ಸಂಗೀತಕ್ಕನ ಎಣಿಕೆ ತಪ್ಪಿತು. ಇಳಿಸಿದ ಕಾಯಿಯನ್ನೆಲ್ಲ ಮತ್ತೆ ಎಣಿಸಬೇಕಾಯಿತೆಂದು ಕೂಲಿಯವರು ಪ್ರಸನ್ನಣ್ಣನಿಗೆ ಮುಖದೆದುರೇ ಬೈದರು.

ಸಂಗೀತಕ್ಕ ಮೊದಲು ಒಪ್ಪಲಿಲ್ಲ. "ನಂಗೆ ಹಾಡು ಬರಲ್ಲ ಕಣ್ರೀ, ಬೀಗರ್ ಮುಂದೆ ನನ್ ಮಾನ ಕಳೀಬೇಡಿ."

"ನೀನು ಹಾಡೋದೇ ಬೇಡ. ಕಾಯಿ ಎಣ್ಸೋ ಥರ ಒಂದೊಂದೇ ಅಕ್ಷರ ಹೇಳು. ಹಾಡೋದನ್ನ ಕಂಪ್ಯೂಟರ್ ನೋಡ್ಕೊಳ್ತದೆ."

ರೆಕಾರ್ಡಿಂಗ್ ನಡೆದದ್ದು ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ. ಸುತ್ತಲೂ ಬಟ್ಟೆಯ ಗಂಟುಗಳಿದ್ದರೆ ದನಿ ಗುಂಯ್ ಎನ್ನುವುದಿಲ್ಲವಂತೆ. ಸಂಗೀತಕ್ಕ ಲಂಗದ ಬಟ್ಟೆಯ ರಾಶಿಯ ನಡುವೆ ಕೂತು, ಗಂಟಲು ಸರಿಮಾಡಿಕೊಂಡು ಬಾಯಿ ತೆರೆದರು. "ಲಾಭಾ… ಜಾ…"

"ಲಾಭ ಬೇಡ ಕಣೇ!"

"ಅದಿಲ್ದೆ ಬಾಯಿ ಓಡಲ್ಲ ಕಣ್ರೀ."

ನಿಜವಾಗಿಯೂ ಓಡಲಿಲ್ಲ. ಲಾಭ ಬಿಟ್ಟು ಹೇಳಿದರೆ ದನಿ ನಡುಗುತ್ತಿತ್ತು, ಲಾಭ ಎಂದು ಶುರುಮಾಡಿದರೆ ಅಕ್ಷರ ನೂಲು ಹಿಡಿದ ಹಾಗೆ ಬರುತ್ತಿತ್ತು. ಕೊನೆಗೆ ಪ್ರಸನ್ನಣ್ಣ ಸೋತು, ಹಾಗೆಯೇ ರೆಕಾರ್ಡ್ ಮಾಡಿಕೊಂಡು ಒಂದೊಂದರ ತಲೆಯಿಂದಲೂ ಲಾಭವನ್ನು ಕತ್ತರಿಸತೊಡಗಿದರು. ಮನಸ್ಸಿಗೆ ಬರುವವರೆಗೂ ಅದೇ ಅಕ್ಷರವನ್ನು ಮತ್ತೆ ಮತ್ತೆ ಹೇಳಿಸುತ್ತಿದ್ದರು. ಹೀಗೆ ಮಾಡಿದರೆ ಹದಿನೆಂಟು ನುಡಿಗೆ ಬೇಕಾದ ಅಕ್ಷರ ಹೆಸರಿಡುವ ದಿನದೊಳಗೆ ಮುಗಿಯುವಂತಿರಲಿಲ್ಲ. ಅದಕ್ಕೆ ಹಾಡನ್ನೇ ಕತ್ತರಿಸಿದರು. ಉಳಿದದ್ದು ಒಂದೇ ನುಡಿ. ಆ ಜೀವ ತನ್ನ ಪದವನ್ನು ತಾನೇ ಮೊಟಕು ಮಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಹೆಸರಿಡುವ ದಿನ ಬೆಳಿಗ್ಗೆ ಮತ್ತೊಂದು ಕಂಟಕ. ಹಾಡಿನ ಮೊಟ್ಟಮೊದಲ ಉದ್ದನೆಯ "ಜೋ" ಒಳಗೆ ಕುಕ್ಕರಿನ ಸೀಟಿ ಸೇರಿಕೊಂಡಿದ್ದು ಪ್ರಸನ್ನಣ್ಣನ ಕಿವಿಗೆ ಬಿತ್ತು. ಯಾರಿಗೂ ಕೇಳಿಸುವುದಿಲ್ಲ ಎಂದರೂ ಬಿಡಲಿಲ್ಲ. ಹೋಳಿಗೆ ತಟ್ಟುತ್ತಿದ್ದ ಹೆಂಡತಿಯನ್ನು ಎಳೆದುತಂದು ಅದೊಂದನ್ನು ಹೊಸದಾಗಿ ಹೇಳಿಸಿ, ಹಾಡಿಗೆ ಸೇರಿಸಿದರು. ಅಷ್ಟರಲ್ಲಿ ಬೀಗರ ವ್ಯಾನು ಬಂದೇಬಿಟ್ಟಿತು. ಇನ್ನೊಮ್ಮೆ ಕೇಳಿ ನೋಡಲು ಪುರಸೊತ್ತು ಸಿಗಲಿಲ್ಲ.

ಕಲ್ಲೇಶಪ್ಪನವರು ಒಳಗೆ ಕಾಲಿಡುತ್ತಲೇ ಶುರುಮಾಡಿದರು. "ಎಲ್ರೀ ಬೀಗ್ರೇ, ನೂರು ಜನ ಹಾಡುಗಾರ್ರು? ಬಸ್ ತಪ್ಪೋಯ್ತಾ?"

"ಒಬ್ರೇ ಬಂದವ್ರೆ ಕಣ್ರೀ" ಎಂದರು ಪ್ರಸನ್ನಣ್ಣ. ದನಿಯಲ್ಲಿ ಜಂಬ ಇರಲಿಲ್ಲ.

ತೊಟ್ಟಿಲ ಪಕ್ಕದಲ್ಲೇ ಸಾವಿತ್ರಮ್ಮ ಕುರ್ಚಿ ಹಾಕಿಸಿಕೊಂಡು ಕೂತರು. ಕಿವಿಯಲ್ಲಿ ಹೆಸರು ಹೇಳಿ ಆಯಿತು, ಪ್ರಜ್ಞಾ ಎಂದು. ಕೃತಿಕಾ ಮಗುವನ್ನು ತೊಟ್ಟಿಲಿಗೆ ಹಾಕಿ, ಯಾರ ಮುಖವನ್ನೂ ನೋಡದೆ ಹಿಂದೆ ಸರಿದು ನಿಂತಳು. ಪ್ರಸನ್ನಣ್ಣ ಗುಂಡಿ ಒತ್ತಿದರು.

ಸ್ಪೀಕರಿನಿಂದ ತುಂಬುಗಂಟಲಿನಲ್ಲಿ ಬಂತು.

"ಲಾಭಾ…"

ಬೆಳಿಗ್ಗೆ ಗಡಿಬಿಡಿಯಲ್ಲಿ ಸೇರಿಸಿದ ಆ ಒಂದು ಅಕ್ಷರದ ತಲೆ ಕತ್ತರಿಸಲು ಮರೆತಿದ್ದರು. ಸಂಗೀತಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಪ್ರಸನ್ನಣ್ಣ ನಿಲ್ಲಿಸಲು ಕೈ ಚಾಚಿದರು.

"ಏ, ಮುಟ್ಬೇಡ ಕಣಪ್ಪಾ" ಎಂದರು ಸಾವಿತ್ರಮ್ಮ.

ಹಾಡು ಮುಂದುವರಿಯಿತು.

"ಜೋ ಜೋ ನಮ್ಮನೆ ಗಿಣಿಮರಿ ಜೋ ಜೋ
ಕಾಯೊಳಗಿನ ಎಳನೀರೇ ಜೋ ಜೋ."

ಏರಿಳಿತವೆಲ್ಲ ಕಂಪ್ಯೂಟರಿನದು, ದನಿ ಮಾತ್ರ ಅಂಗಳದಲ್ಲಿ ದಿನಾ ಕೇಳುವ ನಮ್ಮ ಸಂಗೀತಕ್ಕನದೇ. ಮಗು ಪಿಳಿಪಿಳಿ ಕಣ್ಣುಬಿಟ್ಟು ಅಜ್ಜಿಯ ದನಿಯನ್ನು ಹುಡುಕುತ್ತಿತ್ತು. ನುಡಿ ಮುಗಿಯಿತು.

"ಯಾರವ್ವ ಮೊದ್ಲು ಎಣಿಸಿದ್ದು?" ಎಂದು ಸಾವಿತ್ರಮ್ಮ ಕೇಳಿದರು.

"ನಾನೇ ಕಣಮ್ಮಾ. ಬಾಯ್ತಪ್ಪಿ ಬಂದ್ಬಿಡ್ತು" ಎಂದರು ಸಂಗೀತಕ್ಕ.

"ತಪ್ಪೇನ್ ಬಂತು? ಕಣದಾಗೆ ರಾಗಿ ಅಳೆಯೋವಾಗ ಜೀವ್ಮಾನವೆಲ್ಲ ಹಂಗೇ ಎಣಿಸ್ದೋಳು ನಾನು. ಮೊದ್ಲು ಬಂದಿದ್ದು ಲಾಭ. ಅವತ್ತು ಆಸ್ಪತ್ರೇಲಿ ನಾನೇ ಎಣಿಕೆ ತಪ್ಪಿದ್ದು." ಮುದುಕಿ ಕೃತಿಕಾಳ ಕಡೆ ಕೈ ಚಾಚಿದರು. "ಬಾ ಮಗಾ ಇಲ್ಲಿ. ಈ ಮುದುಕಿ ಮ್ಯಾಲೆ ಮುನಿಸ್ಕಬೇಡ."

ಕೃತಿಕಾ ಬಂದಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡೂ ಇತ್ತು. ನಾನಂತೂ ಅತ್ತೆ, ಸುಳ್ಳು ಯಾಕೆ ಹೇಳಲಿ. ಪ್ರಸನ್ನಣ್ಣ ಹಾಡನ್ನು ಮತ್ತೆ ಹಾಕಿ ಸ್ಪೀಕರಿನ ಹಿಂದೆ ಮುಖ ಮರೆಸಿಕೊಂಡರು. ಸಾವಿತ್ರಮ್ಮ ತೊಟ್ಟಿಲ ಹಗ್ಗವನ್ನು ಯಾರಿಗೂ ಕೊಡದೆ ತಾವೇ ಹಿಡಿದು, ಒಂದೊಂದು ತೂಗಿಗೂ ಎಣಿಸುತ್ತಾ ಕೂತರು. ಎರಡಕ್ಕೆ ಹೋಗಲೇ ಇಲ್ಲ. ಲಾಭ, ಲಾಭ, ಲಾಭ ಎನ್ನುತ್ತಲೇ ಇದ್ದರು.