ದಗಡು ಎಂಬ ಹೆಸರು

ನಮ್ಮ ಅಪ್ಪನ ಹೆಸರು ದಗಡು. ಮರಾಠಿಯಲ್ಲಿ ದಗಡ ಎಂದರೆ ಕಲ್ಲು. ಮನೆಮಾತು ಕನ್ನಡ, ಚಿಕ್ಕೋಡಿಯಲ್ಲಿ ಮಾಡಿದ್ದು ಕನ್ನಡ ಶಾಲೆಯ ಮಾಸ್ತರಿಕೆ. ಹೆಸರು ಮಾತ್ರ ಮರಾಠಿ. "ನೀವು ಆ ಕಡೆಯವರೇನ್ರಿ?" ಎಂದು ಹೊಸಬರು ಕೇಳಿದಾಗಲೆಲ್ಲ ಅಪ್ಪನ ಮುಖ ಸಣ್ಣದಾಗುತ್ತಿತ್ತು.

ನಾನು ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಶಬ್ದಗಳ ಬೆನ್ನು ಹತ್ತುವುದು ನನ್ನ ಚಟ. ನಮ್ಮ ಮೂಲ ಊರು ಉಗಾರ ಬುದ್ರುಕ. ಬುದ್ರುಕ ಎಂದರೆ ದೊಡ್ಡದು, ಪಕ್ಕದ ಊರಿನ ಹೆಸರಲ್ಲಿರುವ ಖುರ್ದ ಎಂದರೆ ಚಿಕ್ಕದು, ಎರಡೂ ಪಾರಸಿಯಿಂದ ಮರಾಠಿಯ ಹಾದಿಯಾಗಿ ಬಂದವು ಎಂದು ಒಮ್ಮೆ ಹೇಳುತ್ತಿದ್ದಾಗ ಅಪ್ಪ ತಡೆದರು. "ಊರ ಹೆಸರೆಲ್ಲಾ ಹುಡಕಿದಿ. ನನ್ನ ಹೆಸರು ಯಾಕ ಹಿಂಗೈತಿ, ಅದನ್ನ ಹುಡುಕವಾ."

ಅದು ಗೊತ್ತಿರಬಹುದಾದವರು ಒಬ್ಬರೇ: ಕಾಗವಾಡದಲ್ಲಿದ್ದ ಅತ್ತಿ, ಅಪ್ಪನ ಅಕ್ಕ. ಇಬ್ಬರೂ ಅಲ್ಲಿಗೆ ಹೋದೆವು. ಅತ್ತಿ ಪಡಸಾಲೆಯಲ್ಲಿ ಒಣದ್ರಾಕ್ಷಿಯ ತೊಟ್ಟು ತೆಗೆಯುತ್ತ ಕುಳಿತಿದ್ದರು. ನಾನು ಕೇಳಿದೊಡನೆ ಅವರ ಕೈ ನಿಂತಿತು.

"ನನ್ನ ಬೆನ್ನಿಗೆ ಹುಟ್ಟಿದ ಕೂಸು ಉಳೀಲಿಲ್ಲ ತಮ್ಮಾ," ಎಂದರು ಅಪ್ಪನಿಗೆ. "ಅದರ ಮುಂದಿಂದಕ್ಕ ಅವ್ವ ಕಲ್ಲಪ್ಪ ಅಂತ ಹೆಸರಿಟ್ಲು. ಕಲ್ಲು ಯಾರ ಒಯ್ತಾರ ಅಂತ. ಅಂಗಳದಾಗ ಓಡ್ಯಾಡತಿದ್ದ. ಜ್ವರಾ ಬಂತು, ಅವನೂ ಹೋದ."

ತನಗೊಬ್ಬ ಅಣ್ಣನಿದ್ದ ಎಂಬುದೇ ಅಪ್ಪನಿಗೆ ಗೊತ್ತಿರಲಿಲ್ಲ.

"ಮತ್ತ ನಾನು?"

"ನೀ ಹುಟ್ಟಿದಾಗ ಅವ್ವ ಅಂದ್ಲು, ಸಾವಿಗೆ ಕನ್ನಡಾ ತಿಳೀತೈತಿ, ನಾ ಮಾಡಿದ ಆಟ ಅದಕ್ಕ ಗೊತ್ತಾತು. ಈ ಕೂಸಿಗೆ ಅದಕ್ಕ ತಿಳೀದಂಥಾ ಹೆಸರು ಬೇಕು. ಸೂಲಗಿತ್ತಿ ಮಿರಜದಾಕಿ, ಮರಾಠಿ ಮಂದಿ. ಆಕೀನ ಹೇಳಿದ್ಲು, ದಗಡು ಅನ್ರಿ ಅಂತ."

ನಾನು ಹುಡುಕಿದ ಶಬ್ದಗಳೆಲ್ಲ ವ್ಯಾಪಾರದ ಜೊತೆಗೋ ಆಳುವವರ ಜೊತೆಗೋ ಬಂದಂಥವು. ಕೂಸನ್ನು ಬಚ್ಚಿಡಲು ಕರೆತಂದ ಶಬ್ದವನ್ನು ನಾನು ಕಂಡಿರಲಿಲ್ಲ.

ಅಪ್ಪ ಹೇಳಿದರು: "ಹೊತ್ತು ಮುಳುಗೂ ಮುಂದ ಅವ್ವ ಹಿತ್ತಲ ಬಾಗಿಲದಾಗ ನಿಂತು ಸಣ್ಣ ದನಿಲೆ ಕರೀತಿದ್ಲು. ಕಲ್ಲೂ, ಉಣ್ಣಾಕ ಬಾ ಅಂತ. ಬಾಜೂ ಮನಿ ಹುಡುಗನ್ನ ಕರ್ಯಾಕತ್ತಾಳ ಅಂತ ತಿಳಿದಿದ್ದೆ."

"ಬಾಜೂ ಮನ್ಯಾಗ ಹುಡುಗ್ರ ಇರಲಿಲ್ಲ," ಎಂದರು ಅತ್ತಿ.

ಕಲ್ಲಪ್ಪನಿಗೆ ಮಣ್ಣು ಕೊಟ್ಟದ್ದು ಉಗಾರದ ನಮ್ಮ ಹೊಲದಲ್ಲಿ, ಹೊಳೆಯ ಕಡೆಯ ಬದುವಿನಲ್ಲಂತೆ. ಹೊಲ ಎಂದೋ ಬೇರೆಯವರ ಪಾಲಾಗಿತ್ತು. ಅದೇ ಸಂಜೆ ಹೋದೆವು. ಆಳೆತ್ತರದ ಕಬ್ಬು, ಒಂದು ಗುರುತೂ ಇಲ್ಲ. ಅಪ್ಪ ಚಪ್ಪಲಿ ಕಳಚಿ ಬದುವಿನ ಮೇಲೆ ನಿಂತರು. ಗಂಟಲು ಸರಿಮಾಡಿಕೊಂಡು ಕೂಗಿದರು: "ಕಲ್ಲಪ್ಪಾ!"

ಕಬ್ಬಿನ ಒಳಗಿನಿಂದ "ಓ" ಎಂದಿತು ಒಂದು ದನಿ.

ನಾನು ಅಪ್ಪನ ತೋಳು ಹಿಡಿದೆ. ಗರಿಗಳು ಸರಸರ ಎಂದವು. ಸಲಿಕೆ ಹಿಡಿದ ಒಬ್ಬ ಮನುಷ್ಯ ಹೊರಗೆ ಬಂದ. ನೀರು ಹಾಯಿಸುತ್ತಿದ್ದನೆಂದು ತೋರುತ್ತದೆ, ಮೊಣಕಾಲತನಕ ಕೆಸರು. "ಯಾರ್ರಿ? ನನ್ನ ಕರದ್ರೇನ್ರಿ?"

ನಮ್ಮ ಸೀಮೆಯಲ್ಲಿ ಓಣಿಗೊಬ್ಬ ಕಲ್ಲಪ್ಪ ಇರುತ್ತಾನೆ, ನನಗೆ ಗೊತ್ತು. ಆದರೂ ನಾನು ಅಪ್ಪನ ತೋಳು ಬಿಡಲಿಲ್ಲ. ಅಪ್ಪ ಅವನನ್ನು ಕಣ್ಣು ಪಿಳುಕಿಸದೆ ನೋಡುತ್ತಿದ್ದರು.

"ಉಂಡಿಯೇನಪಾ?"

"ಇಲ್ರಿ. ಇನ್ನ ಮನೀಗೆ ಹೋಗಬೇಕು."

"ಹೋಗು. ಕತ್ತಲಾಗಾಕತ್ತೈತಿ."

ಅವನು ಒಮ್ಮೆ ನನ್ನ ಮುಖ ನೋಡಿ, ಸಲಿಕೆ ಹೆಗಲಿಗೇರಿಸಿಕೊಂಡು ಬದುವಿನಗುಂಟ ಊರ ಕಡೆ ನಡೆದ. ಅವನು ಮರೆಯಾಗುವವರೆಗೂ ಅಪ್ಪ ಅಲುಗಲಿಲ್ಲ.

"ದೊಡ್ಡಾಂವ ಆಗ್ಯಾನ," ಎಂದರು.

ನಾನು ಚಪ್ಪಲಿ ತಂದು ಅವರ ಕಾಲ ಹತ್ತಿರ ಇಟ್ಟೆ.