ಲೋಕಿಕೆರೆಯ ಚಿಗವ್ವ

ನಮ್ಮವ್ವನಿಗೆ ನಾನೊಬ್ಬಳೇ ಮಗಳು. ನನಗೆ ಅಕ್ಕನೂ ಇಲ್ಲ, ತಂಗಿಯೂ ಇಲ್ಲ. ಹೀಗಿರುವಾಗ ನನ್ನ ಮಗಳು ಒಂದು ಭಾನುವಾರ ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುತ್ತಲೇ, "ವಾರಕ್ಕೊಂದ್ಸಲನಾದ್ರೂ ತಲೆಗೆ ಎಣ್ಣೆ ಹಚ್ಕೋಬೇಕಂತೆ, ಚಿಗವ್ವ ಹೇಳಿದ್ರು" ಅಂದಳು. ಈ ಮಾತನ್ನು ನಾನು ಹೇಳಿ ಹೇಳಿ ಬಾಯಿ ನೋಯಿಸಿಕೊಂಡು ಎಷ್ಟೋ ವರ್ಷವಾಗಿತ್ತು. ಯಾವ ಚಿಗವ್ವ ಎಂದು ಕೇಳಿದೆ. "ಲೋಕಿಕೆರೆ ಚಿಗವ್ವ" ಎಂದಳು. ನನಗೇ ಗೊತ್ತಿಲ್ಲದ ತಂಗಿಯೊಬ್ಬಳು ಲೋಕಿಕೆರೆಯಲ್ಲಿ ಹುಟ್ಟಿಕೊಂಡಿದ್ದಳು.

ಮಗಳು ಆಗ ಒಂಬತ್ತನೇ ಕ್ಲಾಸು. ವಿನೋಬನಗರದ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದ ಶಾಲೆಯಲ್ಲಿ ಗೈಡ್ಸ್‌ಗೆ ಸೇರಿದ್ದಳು. ಅದರ ಸಮವಸ್ತ್ರ ಹೊಲಿದುಕೊಟ್ಟವಳು ನಾನೇ. ಮನೆಯಲ್ಲೇ ಮಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತೇನೆ. ಭಾನುವಾರ ಬಂತೆಂದರೆ ಶಾಲೆಯ ಟೀಚರು ಹುಡುಗಿಯರನ್ನು ಹತ್ತಿರದ ಹಳ್ಳಿ ಲೋಕಿಕೆರೆಗೆ ಸೇವೆಗೆಂದು ಕರೆದುಕೊಂಡು ಹೋಗುತ್ತಿದ್ದರು. ಅಂಗನವಾಡಿಯ ಗೋಡೆಗೆ ಸುಣ್ಣ ಬಳಿಯುವುದು, ಚರಂಡಿ ಪಕ್ಕದ ಪ್ಲಾಸ್ಟಿಕ್ ಆರಿಸುವುದು, ಸಸಿ ನೆಡುವುದು, ಇಂಥವೇ ಕೆಲಸ. ಮುಗಿದ ಮೇಲೆ ಎದುರು ಮನೆಯ ಹೆಂಗಸು ಎಲ್ಲರನ್ನೂ ಕೂರಿಸಿ ಮಜ್ಜಿಗೆ ಕೊಡುತ್ತಿದ್ದಳು. ಅವಳೇ ಈ ಚಿಗವ್ವ. ಹೊಲಮನೆ ಇರುವ ಹೆಂಗಸು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಅವಳಿಗಿರುವ ಇಬ್ಬರೂ ಗಂಡುಮಕ್ಕಳಂತೆ.

ನಮ್ಮ ಮನೆಯಲ್ಲಿ ಚಹಾ ಕುಡಿದ ಲೋಟವನ್ನು ನನ್ನ ಮಷಿನ್ ಮೇಲೇ ಇಟ್ಟು ಹೋಗುವ ಹುಡುಗಿ ಅವಳ ಮನೆಯಲ್ಲಿ ಮಜ್ಜಿಗೆ ಲೋಟಗಳನ್ನೆಲ್ಲ ತೊಳೆದಿಟ್ಟು ಬರುತ್ತಾಳೆಂದು ಟೀಚರೇ ನನ್ನ ಮುಂದೆ ಹೊಗಳಿದರು. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದೆ. ಮಗಳು ನಕ್ಕಳು. ನಮ್ಮನೆಯವರು, "ಎಲ್ಲಿ ಕಲಿತ್ರೇನು ಬಿಡು, ಕೆಲ್ಸ ಕಲೀತಾಳಲ್ಲ" ಅಂದರು. ಅವರಿಗೆ ಹೊಟ್ಟೆಕಿಚ್ಚು ಎಂಬುದೇ ಗೊತ್ತಿಲ್ಲ. ಅಂಥವರ ಜೊತೆ ಸಂಸಾರ ಮಾಡುವುದು ಬಹಳ ಕಷ್ಟ.

ಇನ್ನೊಂದು ವಾರ ಬಂದು, "ಪಾತ್ರೆ ಹೊರಗೆ ಮಣ್ಣು ಮೆತ್ತಿ ಸೌದೆ ಒಲೆ ಮೇಲಿಟ್ರೆ ಮಸಿ ಹಿಡಿಯಲ್ಲ, ಗೊತ್ತಾ ಅವ್ವ?" ಎಂದು ಕೇಳಿದಳು. ಗೊತ್ತಿಲ್ಲದೆ ಏನು? ಚಿಕ್ಕವಳಿದ್ದಾಗ ನಮ್ಮವ್ವ ನನ್ನ ಕೈಯಲ್ಲೇ ಮೆತ್ತಿಸುತ್ತಿದ್ದಳು. ಗ್ಯಾಸ್ ಬಂದ ಮೇಲೆ ಅದೆಲ್ಲ ಯಾರಿಗೆ ಬೇಕು ಎಂದು ನಾನು ಮಗಳಿಗೆ ಹೇಳಿಕೊಟ್ಟಿರಲಿಲ್ಲ, ಅಷ್ಟೇ. ಹಿತ್ತಲ ಗಿಡ ಮದ್ದಲ್ಲ. ಆವತ್ತು ಒಂದು ಬ್ಲೌಸಿನ ತೋಳು ಉಲ್ಟಾ ಹೊಲಿದು ಮತ್ತೆ ಬಿಚ್ಚಬೇಕಾಯಿತು.

ಡಿಸೆಂಬರಿನಲ್ಲಿ ಕೊಂಡಜ್ಜಿಯಲ್ಲಿ ಶಿಬಿರ ಗೊತ್ತಾಯಿತು. ಮೊದಲು ಹರಿಹರಕ್ಕೆ ಹೋಗಿ ಹೊಳೆದಂಡೆಯ ಕಸ ತೆಗೆಯುವುದು, ಅಲ್ಲಿಂದ ಬೆನ್ನಿಗೆ ಚೀಲ ಹಾಕಿಕೊಂಡು ಕೊಂಡಜ್ಜಿಯವರೆಗೆ ನಡೆಯುವುದು, ಕೆರೆ ಹತ್ತಿರ ಟೆಂಟಿನಲ್ಲಿ ಇರುವುದು. ಬೀದಿ ಕೊನೆಯ ಅಂಗಡಿಯಿಂದ ಕೊತ್ತಂಬರಿ ತಾ ಎಂದರೆ ಕಾಲು ನೋವು ಎನ್ನುವವಳು ಕುಣಿಯುತ್ತ ಚೀಲ ತುಂಬಿದಳು. ಹೊರಡುವ ಮುಂಚೆ, "ಕೊನೇ ದಿನ ಮಧ್ಯಾಹ್ನ ನೀವಿಬ್ರೂ ಬರ್ರಿ. ಎಲ್ಲಾ ತಂಡದವ್ರೂ ಅಡುಗೆ ಮಾಡ್ತೀವಿ. ತಂಡಕ್ಕೊಬ್ರು ಅತಿಥಿ, ಅವರನ್ನ ಚಾಪೆ ಮೇಲೆ ಕೂರ್ಸಿ ಮೊದ್ಲು ಬಡಿಸ್ತೀವಿ. ನಮ್ಮ ತಂಡಕ್ಕೆ ನಾನೇ ಲೀಡರು" ಅಂದಳು.

ಅತಿಥಿ ಯಾರೆಂದು ನಾನು ಕೇಳಲಿಲ್ಲ. ಕೇಳುವುದೇನಿದೆ, ಲೀಡರಿನ ತಾಯಿ ನಾನಲ್ಲವೇ? ಗಿರಾಕಿಗಳ ಬ್ಲೌಸನ್ನೆಲ್ಲ ಬದಿಗಿಟ್ಟು, ಮೈದುನನ ಮದುವೆಯಲ್ಲಿ ಕೊಟ್ಟ ಹಸಿರು ಸೀರೆಗೆ ನನಗೇ ಒಂದು ಹೊಸ ಬ್ಲೌಸ್ ಹೊಲಿದುಕೊಂಡೆ. ಇಷ್ಟು ದಿನ ಬೇರೆಯವರ ಅಂಗಳದಲ್ಲಿ ಮಾಡಿದ್ದನ್ನೆಲ್ಲ ಒಂದು ಸಲ ನನಗೆ ಮಾಡಲಿ; ಎಲ್ಲರೆದುರು ನನ್ನನ್ನು ಕೂರಿಸಿ ಬಡಿಸಲಿ. ನನಗೆ ಬೇಕಿದ್ದದ್ದು ಅಷ್ಟೇ.

ನಮ್ಮನೆಯವರ ಬೈಕಿನಲ್ಲಿ ನಾವು ಕೊಂಡಜ್ಜಿ ಮುಟ್ಟುವ ಹೊತ್ತಿಗೆ ಮೈದಾನದ ತುಂಬ ಹೊಗೆ. ಮೂರು ಮೂರು ಕಲ್ಲಿನ ಒಲೆ, ಮಣ್ಣು ಮೆತ್ತಿದ ಪಾತ್ರೆ. ಮಗಳು ಓಡಿ ಬಂದು ಕೈ ಹಿಡಿದಳು. ಬಿಸಿಲಿಗೆ ಕಪ್ಪಾಗಿದ್ದಳು. ನಾನು ಚಾಪೆಯ ಕಡೆ ಹೆಜ್ಜೆ ಇಟ್ಟೆ.

"ಅಲ್ಲಲ್ಲ ಅವ್ವ, ನೀನು ಈ ಕಡೆ ಕೂಡು, ಅಪ್ಪನ ಪಕ್ಕ" ಎಂದಳು. ಚಾಪೆಯ ಮೇಲೆ ಲೋಕಿಕೆರೆಯವಳು ಆಗಲೇ ಕೂತಿದ್ದಳು, ತಲೆ ತುಂಬ ಹೂ ಮುಡಿದು. ಟೀಚರ ಜೊತೆ ಬಂದಿದ್ದಳಂತೆ. "ಬರ್ರಿ ಅಕ್ಕಾರೆ, ಚೆನ್ನಾಗಿದೀರಾ?" ಎಂದು ನಕ್ಕಳು. ಮುಖದಲ್ಲಿ ಒಂದು ಕೆಟ್ಟ ಗೆರೆಯೂ ಇರಲಿಲ್ಲ. ಅದು ನನಗೆ ಇನ್ನಷ್ಟು ಸಿಟ್ಟು ತಂದಿತು. ಬೇರೆ ತಂದೆತಾಯಿಗಳ ಸಾಲಿನಲ್ಲಿ, ಹುಲ್ಲಿನ ಮೇಲೆ, ಹಸಿರು ಸೀರೆ ಮುದುರಿಕೊಂಡು ಕೂತೆ.

ಮಗಳ ತಂಡ ಮಾಡಿದ್ದು ಅನ್ನ, ಸಾರು, ಗೋಧಿ ಹುಗ್ಗಿ. ಹುಗ್ಗಿಯ ತಳ ಹಿಡಿದಿದೆ ಎಂದು ಕೂತಲ್ಲಿಂದಲೇ ನನ್ನ ಮೂಗಿಗೆ ತಿಳಿಯಿತು. ಬೆಲ್ಲ ಹಾಕಿದ ಮೇಲೆ ಉರಿ ತಗ್ಗಿಸಬೇಕು, ತಗ್ಗಿಸಿಲ್ಲ. ಅದನ್ನು ನಿನ್ನ ಚಿಗವ್ವ ಹೇಳಿಕೊಡಲಿಲ್ಲವೇ ಎಂದು ಕೇಳಬೇಕೆನಿಸಿತು. ಮಗಳು ಸೌಟನ್ನು ತಳಕ್ಕೆ ತಾಗಿಸದೆ ಹುಗ್ಗಿಯನ್ನು ಮೇಲಿಂದಷ್ಟೇ ತೆಗೆದು ಮೊದಲು ಚಾಪೆಗೆ ಬಡಿಸಿದಳು. ಆಮೇಲೆ ಟೀಚರಿಗೆ, ಆಮೇಲೆ ನಮ್ಮ ಸಾಲಿಗೆ. ಅವರಪ್ಪನಿಗೂ ಹಾಕಿದಳು. ನನ್ನನ್ನು ಮಾತ್ರ ದಾಟಿಕೊಂಡು ಹೋದಳು. ಲೋಕಿಕೆರೆಯವಳು, "ಭಾಳ ಚೆನ್ನಾಗೈತೆ ಕಣವ್ವ" ಅನ್ನುತ್ತಿದ್ದಳು. ಬೇರೆ ಹುಡುಗಿಯರು ಬಡಿಸಿದ್ದ ಅನ್ನ ನನ್ನ ಎಲೆಯಲ್ಲಿ ಆರುತ್ತಿತ್ತು, ಕಣ್ಣು ತುಂಬಿ ಬಂತು. ಹೊಗೆ ಇದ್ದದ್ದು ಒಳ್ಳೆಯದಾಯಿತು.

ಎಲ್ಲರದ್ದೂ ಮುಗಿಯುವ ಹೊತ್ತಿಗೆ ಮಗಳು ಪಾತ್ರೆಯನ್ನೇ ಎತ್ತಿಕೊಂಡು ಬಂದು ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಧ್ವನಿ ತಗ್ಗಿಸಿ, "ಅವ್ವ, ತಳ ಹಿಡ್ದೈತೆ. ಬ್ಯಾರೆಯವ್ರಿಗೆ ಹಾಕಾಕೆ ಬರಲ್ಲ. ನಿಂಗೆ ಹಾಕ್ಲಾ?" ಅಂದಳು.

ನಮ್ಮ ಕಡೆ ತಳ ಹಿಡಿದದ್ದನ್ನು ಬಂದವರಿಗೆ ಬಡಿಸುವುದಿಲ್ಲ. ಅದು ಮನೆಯವರ ಪಾಲು. ಎಲೆ ಮುಂದೆ ಸರಿಸಿದೆ. ಮಗಳು ಕೆರೆದು ಕೆರೆದು ಹಾಕಿದಳು.

ಚಾಪೆಯಿಂದ ಲೋಕಿಕೆರೆಯವಳು, "ನಂಗೂ ಒಂಚೂರು ಹಾಕವ್ವ, ತಳದ್ದಂದ್ರೆ ನಂಗಿಷ್ಟ" ಅಂದಳು.

"ಬ್ಯಾಡ್ರಿ ಚಿಗವ್ವ, ಅದು ನಿಮಗೆ ಹಾಕೋದಲ್ಲ" ಎಂದು ಮಗಳು ಪಾತ್ರೆಯನ್ನು ಈ ಕಡೆ ತಿರುಗಿಸಿಟ್ಟು, ಸೌಟು ನೆಕ್ಕಿ ನನ್ನ ಪಕ್ಕದಲ್ಲೇ ಕೂತಳು.

ಲೋಕಿಕೆರೆಯವಳ ನಗು ಹಾಗೇ ಇತ್ತು, ಕಣ್ಣು ಮಾತ್ರ ನನ್ನ ಎಲೆಯ ಮೇಲೆ ನಿಂತಿತ್ತು. ಹೊಟ್ಟೆಕಿಚ್ಚಿನ ಕಣ್ಣು ಹೇಗಿರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಹಿ ಹತ್ತಿದ ಹುಗ್ಗಿಯನ್ನು ಎಲೆ ಬಳಿದು ತಿಂದೆ. ಅವಳಿಗೆ ಒಂದು ತುತ್ತೂ ಕೊಡಲಿಲ್ಲ.