ಕಾಕಾ ಮುಚ್ಚಿದ ಮುಷ್ಟಿ

ಮೊನ್ನೆ ಮಾರ್ಕೆಟಿನ ತಳ್ಳುಗಾಡಿಯೊಂದರಿಂದ ಕಮಲಾಪುರದ ಕೆಂಪು ಬಾಳೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಲ್ಯಾಬಿನ ಕಾಕಾ ನೆನಪಾದರು…

ಎಂಬತ್ತರ ದಶಕ. ರಸಾಯನಶಾಸ್ತ್ರ ವಿಭಾಗದಲ್ಲಿ ನಾನು ಸಂಶೋಧನಾ ವಿದ್ಯಾರ್ಥಿನಿ. ಕೊಯ್ದ ಬಾಳೆಯನ್ನು ಕಪ್ಪಾಗಿಸುವ ಒಂದು ಪ್ರೋಟೀನಿದೆ. ಅದರ ಜೀವವೆಲ್ಲ ಅದರೊಳಗಿನ ಚೂರು ತಾಮ್ರದಲ್ಲಿ. ಆ ಪ್ರೋಟೀನನ್ನು ಹಣ್ಣಿನಿಂದ ಬೇರ್ಪಡಿಸುವುದು ನನ್ನ ಕೆಲಸ. ಹಣ್ಣು ತರುತ್ತಿದ್ದವರು ಕಾಕಾ, ಕಮಲಾಪುರದವರೇ. ಹನ್ನೆರಡು ವರ್ಷದಿಂದ ದಿನಗೂಲಿಯ ಅಟೆಂಡರ್. ಅವರನ್ನು ಖಾಯಂ ಮಾಡಲು, ಇದೆಲ್ಲ ನಡೆದ ವಾರವೇ, ನನ್ನ ಗೈಡ್ ಆಗಿದ್ದ ಸರ್ ಶಿಫಾರಸು ಬರೆಯುವವರಿದ್ದರು.

ಕಾಕಾಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಗಾಜಿನ ಸಾಮಾನಿನಿಂದ ಲೋಹ ತೆಗೆಯುವ ದ್ರಾವಣದ ಬಾಟಲಿಗೆ ಗುರುತಿಗೆಂದು ಕೆಂಪು ದಾರ ಕಟ್ಟುತ್ತಿದ್ದರು. ಪ್ರೋಟೀನಿಗೆ ಬಳಸುವ ಬಾಟಲಿಗೆ ದಾರವಿಲ್ಲ. ಒಂದು ಸಂಜೆ ಕರೆಂಟು ಹೋಗಿ ಐಸ್ ಕರಗತೊಡಗಿತು. ಪ್ರೋಟೀನ್ ತುಂಬಿದ ತೆಳು ಚೀಲದ ಬಾಯಿ ಕಟ್ಟಲು ದಾರ ಸಿಗದೆ ಆ ಕೆಂಪು ದಾರವನ್ನೇ ಬಿಚ್ಚಿ ಅರ್ಧ ಕತ್ತರಿಸಿದೆ. ಉಳಿದರ್ಧವನ್ನು ಗಡಿಬಿಡಿಯಲ್ಲಿ ಪಕ್ಕದಲ್ಲಿದ್ದ ಪ್ರೋಟೀನಿನ ಬಾಟಲಿಗೆ ಕಟ್ಟಿಬಿಟ್ಟೆ.

ಬೆಳಿಗ್ಗೆ ಚೀಲ ಮುಳುಗಿಸಿಟ್ಟ ದ್ರಾವಣ ಬದಲಿಸುವುದು ಕಾಕಾ ಕೆಲಸ. ದಾರವಿಲ್ಲದ ಬಾಟಲಿ ನೋಡಿಯೇ ಸುರಿದಿದ್ದರು. ಮಧ್ಯಾಹ್ನ ಪರೀಕ್ಷಿಸಿದರೆ, ಪ್ರೋಟೀನಿಗೆ ಜೀವವಿದ್ದರೆ ಬರಬೇಕಾದ ಕಂದು ಬಣ್ಣ ಬರಲಿಲ್ಲ. ಆ ದ್ರಾವಣ ಅದರ ತಾಮ್ರವನ್ನೆಲ್ಲ ಹೀರಿಬಿಟ್ಟಿತ್ತು; ಮತ್ತೆ ತಾಮ್ರ ಬೆರೆಸಿದರೂ ಪ್ರೋಟೀನ್ ಏಳಲಿಲ್ಲ. ಎರಡು ತಿಂಗಳ ದುಡಿಮೆ ನೀರು ಪಾಲು.

ಸರ್ ಖಾಲಿ ಬಾಟಲಿಯ ಚೀಟಿ ಓದಿದರು. "ಇದನ್ನ ಸುರಿದವರು ಯಾರು?"

"ನಾನ್ರೀ ಸರ್."

"ಇಷ್ಟು ವರ್ಷ ಇಲ್ಲಿದ್ದು ಇದೂ ತಿಳೀಲಿಲ್ಲೇನು?"

ಕಾಕಾ ಚೀಲದ ಕಡೆ ನೋಡಿದರು. ಅದರ ಬಾಯಿಗೆ ಕೆಂಪು ದಾರ. ಆಮೇಲೆ ನನ್ನನ್ನು ನೋಡಿದರು. ಅವರು ಮೆಲ್ಲಗೆ ಚೀಲ ಎತ್ತಿ, ದಾರ ಸರ್ ಕಣ್ಣಿಗೆ ಬೀಳದಂತೆ ಮುಷ್ಟಿ ಮುಚ್ಚಿದರು.

"ತಪ್ಪಾತ್ರೀ ಸರ್."

ಸಂಶೋಧನೆಯಿಂದ ಹೊರಗೆ ಹಾಕಿಬಿಟ್ಟಾರು ಎಂದು ಹೆದರಿ ಸುಮ್ಮನಿದ್ದೆ. ಹೇಡಿ ನಾನು. ಶಿಫಾರಸು ಹೋಗಲಿಲ್ಲ, ಮುಂದಿನ ತಿಂಗಳಿಂದ ಕಾಕಾಗೆ ಬರಬೇಡ ಎಂದರು. ನನಗೆ ಪಿಎಚ್.ಡಿ. ಬಂತು.

ಎಷ್ಟೋ ವರ್ಷಗಳ ಮೇಲೆ ಧೈರ್ಯ ಮಾಡಿ ಕಮಲಾಪುರಕ್ಕೆ ಹೋದೆ. ಕಾಕಾ ತೀರಿಕೊಂಡಿದ್ದರು. ಅವರ ಹೆಂಡತಿ ಚಹಾ ಕೊಟ್ಟು ಎದುರಿಗೆ ಕುಳಿತರು.

"ಖಾಯಂ ಯಾಕ ಆಗಲಿಲ್ಲ ಅಂತ ಕೊನೀತನಾ ಬಾಯಿ ಬಿಡಲಿಲ್ರೀ ಅವರು. ನಿಮಗೇನರ ಗೊತ್ತದೇನ್ರೀ, ಅವ್ವಾ?"

ಹೇಳಲೆಂದೇ ಹೋಗಿದ್ದೆ… "ಗೊತ್ತಿಲ್ರೀ" ಎಂದು ಎದ್ದು ಬಂದೆ.

ಈಗ ಆ ತಾಯಿಯೂ ಇಲ್ಲ.